ನಾಳೆ ಹೊಸದು ಹಾಕೋಣ

ಸಾಗರ ರಸ್ತೆಯ ನನ್ನ ಶೆಡ್ಡಿಗೆ
ಹಗಲು ಹೊತ್ತಲ್ಲೇ ಬಂತು ಕೆಂಪು ಎಂ.ಜಿ.
ಎರಡೇ ಸೀಟು, ಮುದುಕಿ, ಆದರೂ ಸೊಂಟ ನೋಡಿ!
"ಲಿಗೋರಿ, ಆಗುಂಬೆ ಘಾಟಿ, ಏಳನೇ ತಿರುವು,
ಕಣ್ಣು ಮುಚ್ಚಿಬಿಡ್ತು ಮಾರಾಯ" ಅಂದರು ಡಾಕ್ಟರು.
ಟಾರ್ಚು ಹಿಡಿದು ಹೆಂಡತಿ ಮುಂದೆ ಮುಂದೆ ನಡೆದರಂತೆ,
ಇವರು ಹಿಂದೆ, ಫಸ್ಟ್ ಗೇರಿನಲ್ಲಿ.
ಮನೆ ಮುಟ್ಟಿದ ಮೇಲೂ ಅವರು ಮಾತಾಡಿಲ್ಲವಂತೆ.

ಬಲ್ಬು ಸರಿ. ಫ್ಯೂಸು ಸರಿ. ವೈರನ್ನು ಇಲಿ ಮುಟ್ಟಿಲ್ಲ.
ಡ್ಯಾಶಿನ ಕೆಳಗೆ ತಲೆ ತೂರಿಸಿ ಮಲಗಿದೆ,
ಕಾಲು ರಸ್ತೆಗೆ.
ಎಳೆದರೆ ಉರಿಯಬೇಕಾದ ಗುಂಡಿ
ಅಲ್ಲಾಡುತ್ತಿತ್ತು, ಮಗುವಿನ ಹಾಲುಹಲ್ಲಿನ ಹಾಗೆ.

ಬಿಚ್ಚಿದೆ.
ಹಿತ್ತಾಳೆ ನಾಲಗೆಗೆ ಹಸಿರು ಕಿಲುಬು.
ಅದರಡಿ, ನಾಲ್ಕು ಮಡಿಕೆಯ
ಸಿಗರೇಟು ಪ್ಯಾಕಿನ ಬೆಳ್ಳಿಕಾಗದ.

ಈ ಮಡಿಕೆ ನನಗೆ ಗೊತ್ತು.
ಬುಡಾನ್ ಉಸ್ತಾದರ ಹೆಬ್ಬೆರಳುಗುರಿನ ಗೆರೆ.
ನಾನಾಗ ಅವರಿಗೆ ಸ್ಪ್ಯಾನರ್ ಎತ್ತಿಕೊಡುವ ಹುಡುಗ,
ಹದಿಮೂರು ನಂಬರ್ ಕೇಳಿದರೆ ಹನ್ನೆರಡು ಕೊಟ್ಟು
ತಲೆಗೆ ಮೊಟಕಿಸಿಕೊಳ್ಳುವವನು.
"ಸದ್ಯಕ್ಕೆ ನಡೀಲಿ, ನಾಳೆ ಹೊಸದು ಹಾಕೋಣ"
ಎಲ್ಲದಕ್ಕೂ ಅದೇ ಮಾತು.
ಆ ನಾಳೆಗೆ ಈಗ ಮೂವತ್ತೊಂದು ವರ್ಷ.

ಪಕ್ಕದ ಹೋಟೆಲಿಂದ ಹುಣಸೆಹಣ್ಣು ತರಿಸಿ
ಉಜ್ಜಿದೆ ನಾಲಗೆಯನ್ನ, ಚೆಂಬು ಬೆಳಗುವ ಹಾಗೆ.
ಬಾಲ್‌ಪೆನ್ನಿನ ಸ್ಪ್ರಿಂಗು ಕತ್ತರಿಸಿ ಕೂರಿಸಿದೆ.
ಬೆಳ್ಳಿಕಾಗದ ಎಸೆಯಲು ಹೋಗಿ
ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಕತ್ತಲೆ.
ಗುಂಡಿ ಎಳೆದೆ. ಟಕ್!
ಎದುರು ಗೋಡೆಯ ಮೇಲೆ ಹಳದಿ ಹಳದಿಯಾಗಿ
"ಇಲ್ಲಿ ಮೂತ್ರ ಮಾಡಬಾರದು."
ಅದರ ಕೆಳಗೇ ನಿಂತಿದ್ದ ಟಿಂಕರ್ ಹಾಲೇಶ
ಬೆಚ್ಚಿ ಪ್ಯಾಂಟು ಹಿಡಿದುಕೊಂಡು ಓಡಿದ.

ನಗು ನಿಂತ ಮೇಲೆ ಡಾಕ್ಟರು ಕೇಳಿದರು:
"ಹೊಸಾ ಸ್ವಿಚ್ಚೇನೋ?"
"ಸದ್ಯಕ್ಕೆ ನಡೀಲಿ," ಅಂದೆ.