ಈ ಸಲದ ಆಯುಧಗಳು

ಲಕ್ಕಸಂದ್ರದ ನನ್ನ ಟೈಲರ್ ಅಂಗಡಿಯಲ್ಲಿ
ಪ್ರತಿ ವರ್ಷ ಇದ್ದದ್ದು ಒಂದೇ ಆಯುಧ:
ಅಪ್ಪ ಕಂತಿನಲ್ಲಿ ಕೊಡಿಸಿದ ಹೊಲಿಗೆ ಮಿಷನ್ನು.
ಅದಕ್ಕೊಂದು ಮೊಳ ಸೇವಂತಿಗೆ, ಚಕ್ರಕ್ಕೆ ಕುಂಕುಮ,
ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು ಹಬ್ಬ.

ಈ ಸಲ ಮೇಜು ಸಾಲದೆ
ಇಸ್ತ್ರಿ ಹಲಗೆಯನ್ನೂ ಎಳೆದು ಹಾಕಿದೆ.
"ನಿಮ್ಮನ್ನ ಏನು ಕಾಪಾಡ್ತೋ ಅದನ್ನ ತನ್ನಿ" ಅಂದಿದ್ದೆ, ಅಷ್ಟೇ.
ಬಂದರು ಒಬ್ಬೊಬ್ಬರೇ,
ಮೆಟ್ಟಿಲು ಮೆಟ್ಟಿಲಿಗೂ ನಿಂತು, ಉಸಿರು ಹಿಡಿದುಕೊಂಡು.
ಅವಸರವಿರಲಿಲ್ಲ ಯಾರಿಗೂ. ಕಾಯುವುದನ್ನು
ಟೋಕನ್ ಹಿಡಿದು ಕಲಿತವರು ನಾವು.

ಮುನಿರತ್ನಮ್ಮ ತಂದದ್ದು ವಾಂತಿಯ ಬೋಗುಣಿ.
ಬೆಳ್ಳಿ ಅನ್ನಬೇಕು, ಹಾಗೆ ತಿಕ್ಕಿದ್ದಳು.
"ನನ್ನ ಮುಖಾನ ಇದು ನೋಡಿದಷ್ಟು
ನನ್ನ ಗಂಡಾನೂ ನೋಡಿಲ್ಲ ಕಣೆ."
ನಕ್ಕೆವು. ನಕ್ಕರೆ ಹೊಲಿಗೆ ಜಗ್ಗುತ್ತದೆ,
ಒಬ್ಬೊಬ್ಬರಿಗೆ ಒಂದೊಂದು ಕಡೆ.

ಮುನೀರ್ ಪಾಷ ಆಟೋ ಕೆಳಗೆ ನಿಲ್ಲಿಸಿ
ಕೀಲಿಕೈ ಮಾತ್ರ ತಂದು ಹಲಗೆಯ ಮೇಲಿಟ್ಟ.
ಕತ್ತಿನ ತೂತಿಗೆ ಬೆರಳೊತ್ತಿ ಮಾತಾಡುತ್ತಾನೆ,
ಒಂದೊಂದೇ ಪದ, ಚಿಲ್ಲರೆ ಎಣಿಸಿ ಕೊಟ್ಟ ಹಾಗೆ.
ನನ್ನ ರೇಡಿಯೇಷನ್ನಿನ ಇಪ್ಪತ್ತೈದು ದಿನವೂ
ಡೈರಿ ಸರ್ಕಲ್ ದಾಟಿಸಿದವನು,
ಮೀಟರಿನ ಮೇಲೆ ಟವೆಲ್ ಮುಚ್ಚಿ.

ಫಿಲೋಮಿನಾ ಟೀಚರದು ಮೂರು ಕೇಜಿ ಫೈಲು.
ಡಾಕ್ಟರು ಬರೆದ ಚೀಟಿಗಳಲ್ಲೆಲ್ಲ
ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿದ್ದಾರೆ.

ಕಾಲೇಜಿನ ಹುಡುಗ ಚಿರಂತ್
ಡ್ರಿಪ್ಪು ನೇತುಹಾಕುವ ಸ್ಟ್ಯಾಂಡಿನ ಚಿತ್ರ ಬರೆದು ತಂದಿದ್ದ.
"ಒಂದು ಚಕ್ರ ಕಿರಗುಟ್ಟುತ್ತೆ ಆಂಟಿ,
ಆರು ತಿಂಗಳು ಹೇಳಿದರೂ ಎಣ್ಣೆ ಬಿಡಲಿಲ್ಲ."
ಮಿಷನ್ನಿನ ಎಣ್ಣೆಡಬ್ಬಿ ತೆಗೆದು
ಕಾಗದದ ಚಕ್ರಕ್ಕೆ ಒಂದು ತೊಟ್ಟು ಬಿಟ್ಟೆ.
ಹರಡಿತು. ಹರಡಲಿ.

ನನ್ನದು ಗೊತ್ತೇ ಇದೆ. ಇದೇ ಮಿಷನ್ನಿನಲ್ಲಿ
ಮೂವತ್ತೆರಡು ರವಿಕೆಗೆ, ಒಂದೇ ಪಕ್ಕಕ್ಕೆ,
ರಾಗಿ ತುಂಬಿದ ಪುಟ್ಟ ದಿಂಬು ಹೊಲಿದಿದ್ದೇನೆ.
ಎರಡೂ ಕಡೆ ತೂಕ ಸಮ ಬರಲೆಂದು
ದಿನಸಿ ಅಂಗಡಿ ತಕ್ಕಡಿ ಕೇಳಿ ತಂದು.
ಮೊದಲ ದಿಂಬು ನನಗೆ.

ಆರತಿ ಎತ್ತುವ ಹೊತ್ತಿಗೆ
ಬಾಗಿಲಲ್ಲಿ ಸುಗುಣಳ ಗಂಡ.
ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ.
ಕವರಿನಲ್ಲಿ ಅವಳ ಶುಂಠಿ ಪೆಪ್ಪರಮೆಂಟು,
ಪಕ್ಕದ ಕುರ್ಚಿಯಲ್ಲಿ ಯಾರೇ ಬಾಯಿ ಕಹಿ ಅಂದರೂ
ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದಳಲ್ಲ, ಅವು.
ಒಂಬತ್ತು ಉಳಿದಿದ್ದವು.
"ಅವಳನ್ನ ಕಾಪಾಡಲಿಲ್ಲ ಇವು" ಅಂದರು.
ಯಾರೂ ಮಾತಾಡಲಿಲ್ಲ. ಗಂಟೆ ನನ್ನ ಕೈಯಲ್ಲೇ.
ಆಮೇಲೆ ಮುನಿರತ್ನಮ್ಮ,
"ನಮ್ಮನ್ನ ಕಾಪಾಡಿದ್ವು. ಇಡಪ್ಪ, ಇಲ್ಲಿ ಜಾಗ ಇದೆ"
ಅಂತ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು.
ಚಪ್ಪಲಿ ಬಿಟ್ಟರು.

ಬೂದುಗುಂಬಳ ಒಡೆಯುವುದು ಯಾರು?
ಎರಡು ಕೇಜಿ ಮೀರಿ ಎತ್ತಲು
ನಮ್ಮಲ್ಲಿ ಅರ್ಧ ಕೈಗಳಿಗೆ ಅನುಮತಿಯಿಲ್ಲ.
ಒಬ್ಬರ ಎಡಗೈ, ಇನ್ನೊಬ್ಬರ ಬಲಗೈ,
ಸುಗುಣಳ ಗಂಡನ ಎರಡೂ ಕೈ ಸೇರಿಸಿ
ಆಟೋ ಮುಂದೆ ಎತ್ತಿಹಾಕಿದೆವು.
ಒಡೆಯಲಿಲ್ಲ. ಉರುಳಿಕೊಂಡು ಹೋಗಿ
ಎದುರಿನ ಬೇಕರಿಯ ಕಟ್ಟೆಗೆ ತಾಗಿ ಸೀಳಿತು.
ಕುಂಕುಮ, ಕಾಸು, ಬೀಜ ಎಲ್ಲ ಮೋರಿಯ ಪಾಲು.
ಬೈಕಿನವರು ಜಾರಿಬಿದ್ದಾರೆಂದು
ಉಳಿದ ಹೋಳುಗಳನ್ನು ಟೀಚರು ಆಯ್ದು ತಂದರು.

ಕಡ್ಲೆಪುರಿ ಹಂಚಿದೆ.
ಉಗುಳು ಬತ್ತಿದ ಮುನೀರನ ಬಾಯಿಗೆ ಪುರಿ ಇಳಿಯದು.
ಲೋಟದ ಟೀಯಲ್ಲಿ ನೆನೆಸಿ, ಚಮಚ ಕೊಟ್ಟೆ.
ಪೆಪ್ಪರಮೆಂಟು ಪ್ರಸಾದವೆಂದು ಒಂದೊಂದು ತೆಗೆದುಕೊಂಡೆವು.
ಮೂರು ಮಿಕ್ಕವು. ಅವನ್ನು
ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದೇನೆ.

"ಗುರುವಾರ ಚಿರಂತನ ಸ್ಕ್ಯಾನು.
ಬೆಳಗ್ಗೆ ಆರಕ್ಕೆ, ಖಾಲಿ ಹೊಟ್ಟೆ" ಅಂದೆ.
ಯಾರು ಹೋಗ್ತೀರ ಅಂತ ಕೇಳುವ ಮೊದಲೇ
ಮುನೀರ್ ಹಲಗೆಯಿಂದ ಕೀಲಿಕೈ ಎತ್ತಿಕೊಂಡ,
ಅರಿಶಿನ ಕುಂಕುಮ ಒರೆಸದೆ.