ಕರ್ನೆಲ್

ಯಾವ ವೆಕ್ಟರುಗಳು ಹೋಗಿ ಸೊನ್ನೆಗೆ ಬೀಳುತ್ತವೋ
ಅವೆಲ್ಲ ಕೂಡಿ ಕರ್ನೆಲ್,
ಎಂದು ಸೆರಾವೊ ಮೇಡಂ ಬೋರ್ಡಿಗೆ ಬರೆದಾಗ
ಕೊಣಾಜೆ ಗುಡ್ಡದ ಆ ಕ್ಲಾಸಿನಲ್ಲಿ
ನಾನೊಬ್ಬಳೇ ನಕ್ಕದ್ದು.

ನಮ್ಮಲ್ಲಿ ಆ ಶಬ್ದಕ್ಕೆ ಕಿಲೋ ಲೆಕ್ಕ ಉಂಟು.
ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ
ಹದಿನೈದು ವರ್ಷ ಒಡೆದವಳು, ಏಳು ವರ್ಷ ಆರಿಸಿದವಳು:
ಇಡಿಯದ್ದು ಒಂದು ತಟ್ಟೆ, ಹೋಳು ಇನ್ನೊಂದು,
ನುಚ್ಚು, ಕಪ್ಪು ಚುಕ್ಕೆಯದ್ದು, ಹುಳ ತಿಂದದ್ದು.
ಕರ್ನೆಲ್ ಮುರಿದರೆ ಮೇಸ್ತ್ರಿಯ ಮುಖವೂ ಮುರಿಯುತ್ತಿತ್ತು.

ತೊಕ್ಕೊಟ್ಟಿನಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದರೆ
ಗಂಜಿ ಬಡಿಸುತ್ತ ಕೇಳಿದಳು,
ಇವತ್ತು ಎಂತ ಕಲಿತದ್ದು?
ಕರ್ನೆಲ್.
ಅದಕ್ಕೆ ಯುನಿವರ್ಸಿಟಿ ಯಾಕೆ ಮಾರಾಯ್ತಿ,
ನಾನೇ ಕಲಿಸುತ್ತಿದ್ದೆ!

ವಿವರಿಸಹೋದೆ.
ನಡು ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ,
ಅಂಗಳದಲ್ಲಿ ನೆಟ್ಟಗೆ ಒಂದು ಕೋಲು.
ನೆರಳು ಬರೀ ಚುಕ್ಕೆ, ಅಲ್ಲವಾ?
ಕೋಲು ಎಷ್ಟು ಉದ್ದವಾದರೂ ಚುಕ್ಕೆಯೇ.
ಆ ಉದ್ದವೆಲ್ಲ ಕರ್ನೆಲ್‌ಗೆ ಹೋಯಿತು,
ನೆರಳಿಗೆ ಅದು ಸೊನ್ನೆ.

ಅಮ್ಮ ಉಪ್ಪಿನಕಾಯಿಯ ಮಿಡಿ ಚೀಪುತ್ತ ಯೋಚಿಸಿದಳು.
ಕೋಲು ಅಲ್ಲೇ ಉಂಟಲ್ಲ?
ಉಂಟು.
ಮತ್ತೆ?

ಮತ್ತೆ ಏನೂ ಹೇಳಲು ತೋಚದೆ
ಎಂಟನೇ ಲೆಕ್ಕಕ್ಕೆ ಪುಟ ತಿರುಗಿಸಿದೆ.
ಸಾಲಿನಿಂದ ಸಾಲು ಕಳೆದೆ, ಒಂದು ಸಾಲು ಪೂರ್ತಿ ಸೊನ್ನೆ ಬಂತು,
ತಪ್ಪಿರಬೇಕೆಂದು ಅಳಿಸಿ ಮಾಡಿದೆ, ಪುನಃ ಸೊನ್ನೆ.

ಪಾತ್ರೆ ತೊಳೆಯುವಲ್ಲಿಂದ ಅಮ್ಮ ಕೂಗಿದಳು:
ನಾಳೆ ರೇಷನ್ ಅಂಗಡಿಗೆ ನೀನೂ ಬಾ.
ಗೇರಿನ ಎಣ್ಣೆ ತಿಂದ ಅವಳ ಹೆಬ್ಬೆರಳನ್ನು
ಅಲ್ಲಿನ ಮೆಶಿನು ಮೂರು ತಿಂಗಳಿಂದ ಗುರುತಿಸುತ್ತಿಲ್ಲ.
ಒತ್ತಿ ಒತ್ತಿ ಸಾಕಾಯ್ತು, ಅಂದಳು.
ನಿನ್ನ ಬೆರಳಲ್ಲಿ
ಗೆರೆ ಉಂಟಲ್ಲ.