ಮಂಗಳವಾರ, ಎರಡು ಗಂಟೆಯ ತಂಡ

ಮೊದಲು ಹಳದಿ ಹೆಲ್ಮೆಟ್ಟು ಹಂಚುತ್ತೇನೆ.
ಮೇಲಿಂದ ಬೀಳುವಂಥದ್ದು ಈಗ ಏನೂ ಇಲ್ಲ,
ಪಾರಿವಾಳದ ಹಿಕ್ಕೆ ಬಿಟ್ಟರೆ.
ಆದರೂ ತೊಡಿಸಬೇಕು. ತೊಟ್ಟವರು ಫೋಟೊ ಹಿಡಿದುಕೊಳ್ಳುತ್ತಾರೆ.

ಈ ಕುಲುಮೆ ಆರಿದ ಮೂರನೇ ವರ್ಷ ನಾನು ಹುಟ್ಟಿದ್ದು.
ಒಸ್ತ್ರವಾದ ರಾತ್ರಿ ಕೆಂಪಗಿರುತ್ತಿತ್ತು ಅನ್ನುವುದು
ನನಗೆ ಬಾಯಿಪಾಠ:
ನಲವತ್ತು ನಿಮಿಷ, ಇಪ್ಪತ್ತೆರಡು ನಿಲುಗಡೆ,
ಒಂದು ನಗೆಚಾಟಿಕೆ.

ಇವತ್ತು ಹನ್ನೊಂದು ಜನ.
ಪ್ರಾಗ್‌ನಿಂದ ಇಬ್ಬರು ಮೇಷ್ಟ್ರು,
ಗಮ್ ಜಗಿಯುವ ಪೋರ, ಅವನ ಅಪ್ಪ,
ಪೋಲೆಂಡಿನ ಸೈಕಲ್ ದಂಪತಿ,
ಮುಖ ನೆನಪಿಲ್ಲದ ಮೂವರು.
ಕೊನೆಯಲ್ಲಿ ನೀಲಿ ಸ್ವೆಟರಿನ ಅಜ್ಜಿ;
ರಿಯಾಯಿತಿಯ ಟಿಕೇಟನ್ನು
ಈಗಲೋ ಆಗಲೋ ಕಂಡಕ್ಟರು ಕೇಳಿಯಾನೆಂಬಂತೆ
ಬೆರಳ ಸಂದಿಯಲ್ಲಿ ಹಿಡಿದೇ ನಡೆದಳು.
ಅವಳಿಂದ ಬಹಳ ಹಿಂದೆ ಬೆತ್ತದ ಮುದುಕ.
ಬೇರೆ ಬೇರೆ ಬಂದವರು ಅಂದುಕೊಂಡೆ.

ಅದಿರು ಹತ್ತುತ್ತಿದ್ದ ಓರೆ ಹಳಿಯ ಮೇಲೆ ಈಗ ಗಾಜಿನ ಲಿಫ್ಟು.
"ಇಲ್ಲಿಂದ ಮುಂದೆ ನೀವೇ ಅದಿರು" ಅಂದೆ.
ನಕ್ಕರು. ಅಜ್ಜಿ ನಗಲಿಲ್ಲ.

ಎರಕದ ಅಂಗಳದಲ್ಲಿ ಒಂದು ಕೆಂಪು ಗುಂಡಿ,
ಒತ್ತಿದರೆ ಒಂದೂವರೆ ನಿಮಿಷ ಕಾರ್ಖಾನೆಯ ಸದ್ದು.
ಪೋರ ಒತ್ತಿದ, ಕಿವಿ ಮುಚ್ಚಿಕೊಂಡ.
"ಇದು ಊಟದ ಬಿಡುವಿನ ಸದ್ದು" ಅಂದಳು ಅಜ್ಜಿ.

ಮೇಲೆ, ಗಾಜಿನ ಹಿಂದೆ, ಕ್ರೇನಿನ ಗೂಡು.
ಗೂಡಿನಲ್ಲಿ ಬಟ್ಟೆಯಂಗಡಿಯ ಗೊಂಬೆ,
ಮೀಸೆ ಅಂಟಿಸಿದ್ದಾರೆ.
"ಇಲ್ಲಿ ಕೂತು ಚಾಲಕ ನಲವತ್ತು ಟನ್ ಎತ್ತುತ್ತಿದ್ದ."
"ಎತ್ತುತ್ತಿದ್ದಳು."

ಒಂದೇ ಅಕ್ಷರ ಸೇರಿಸಿದಳು, ದನಿ ಏರಿಸದೆ.
ಹತ್ತೊಂಬತ್ತು ವರ್ಷವಂತೆ. ಹೆಸರು ಲಿಬುಶೆ.
"ಸನ್ನೆಕೋಲನ್ನು ಹಾಗೆ ಹಿಡಿದರೆ
ಕೆಳಗಿರುವವನ ತಲೆ ಉಳಿಯುವುದಿಲ್ಲ, ಮಗೂ.
ಮತ್ತೆ ಆ ಕಿಟಕಿಯಲ್ಲಿ ನನ್ನದೊಂದು ಜೆರೇನಿಯಂ ಇತ್ತು.
ಮಸಿ ಕುಡಿದುಕೊಂಡೇ ಹೂ ಬಿಡುತ್ತಿತ್ತು."

ಆಗ ಅಂಗಳದ ಆ ತುದಿಯಿಂದ ಮುದುಕ
ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ ಕೈ ಎತ್ತಿದ.
ಮುಷ್ಟಿ. ಬಿಚ್ಚಿದ ಎರಡು ಬೆರಳು. ಮಗುಚಿದ ಅಂಗೈ.
ಇವಳು ಮಣಿಕಟ್ಟು ತಿರುಗಿಸಿದಳು, ಎರಡು ಸಲ.
"ಪಾಪ, ಕಿವುಡರೇ?" ಒಬ್ಬ ಮೇಷ್ಟ್ರು ಪಿಸುಗುಟ್ಟಿದರು.
ನನ್ನ ಇಪ್ಪತ್ತೆರಡು ನಿಲುಗಡೆಯಲ್ಲಿ ಇದು ಇರಲಿಲ್ಲ.

"ಏನಂದ?" ಪೋರ ಕೇಳಿದ.
"ಎಡಗಡೆಯ ಸರಪಳಿ ಬಿಗಿಯಿದೆಯಾ ಅಂದ.
ಅಂದರೆ, ನನ್ನ ಸೊಂಟದ ನೋವು ಹೇಗಿದೆ ಅಂತ.
ಆ ಗದ್ದಲದಲ್ಲಿ ಬಾಯಿಗೇನು ಕೆಲಸ?
ನಮಗಿದ್ದದ್ದು ಮೂವತ್ತೋ ನಲವತ್ತೋ ಮಾತು,
ಎತ್ತು, ಇಳಿಸು, ತಡಿ, ಬಿಸಿ, ಕೊಕ್ಕೆ,
ಬೈಗುಳ ಒಂದಾರು.
ಬದುಕಿಗೆಲ್ಲ ಅವೇ ಸಾಕಾದವು."

ಹೆಲ್ಮೆಟ್ಟು ಕಳಚಿ, ಕೂದಲು ಸರಿಮಾಡಿಕೊಂಡು,
ಯಾರೂ ಕೇಳದಿದ್ದರೂ ಹೇಳಿದಳು:
"ನನ್ನ ಒಲ್ದ್ರಿಖ್‌ನ ಪೆಟ್ಟಿಗೆ ಹಗ್ಗದಲ್ಲಿ ಇಳಿಯುವಾಗ
ಆ ಬದಿಯ ಹುಡುಗ ಸಡಿಲ ಬಿಟ್ಟ. ಪೆಟ್ಟಿಗೆ ಓರೆಯಾಯಿತು.
ಪಾದ್ರಿ ಓದುತ್ತಲೇ ಇದ್ದರು.
ನನ್ನ ಕೈ ತಾನಾಗಿ ಮೇಲೆದ್ದಿತು, ಅಂಗೈ ಕೆಳಗೆ, ಹೀಗೆ:
ಮೆಲ್ಲಗೆ. ಇನ್ನೂ ಮೆಲ್ಲಗೆ.
ಅಷ್ಟು ಜನರಲ್ಲಿ ಒಬ್ಬನಿಗೆ ಅರ್ಥವಾಯಿತು.
ಹುಡುಗನ ಕೈಯಿಂದ ಹಗ್ಗ ಕಸಿದುಕೊಂಡ."

ಬೆತ್ತದವನು ಆಗಲೇ ಮೆಟ್ಟಿಲಿಳಿಯುತ್ತಿದ್ದ,
ಒಂದೊಂದಕ್ಕೂ ಎರಡೂ ಕಾಲೂರಿ.
ಅವಳು ಕರೆಯಲಿಲ್ಲ.

ಹೆಲ್ಮೆಟ್ಟು ಎಣಿಸಿದೆ: ಹನ್ನೊಂದೂ ಇದ್ದವು.
ದಾಖಲೆ ಪುಸ್ತಕದಲ್ಲಿ ಬರೆದೆ,
ಗೊಂಬೆಯ ಬಲಗೈ ತಪ್ಪು. ಮೀಸೆ ತಪ್ಪು.
ಗೂಡಿನ ಬೀಗದ ಕೈ ಯಾರ ಬಳಿ ಇದೆಯೋ
ಕಚೇರಿಯವರಿಗೂ ಗೊತ್ತಿಲ್ಲ.

ನಾಲ್ಕು ಗಂಟೆಗೆ ಇಪ್ಪತ್ತು ಜನರ ತಂಡ.
"ಇಲ್ಲಿ ಕೂತು ನಲವತ್ತು ಟನ್ ಎತ್ತುತ್ತಿದ್ದಳು" ಅಂದೆ.
ಎಲ್ಲರೂ ಮೀಸೆ ನೋಡಿದರು,
ನಕ್ಕರು.
ನಗೆಚಾಟಿಕೆ ಈಗ ಎರಡಾದವು.